ಮೋಸಂಬಿ ಸಿಪ್ಪೆಯ ಕಟ್ಟು

ನಿಪ್ಪಾಣಿಯ ಬೇಕರಿಯವರು ಅಂದು ನನ್ನ ಸಕ್ಕರೆಪಾಕದ ಮೋಸಂಬಿ ಸಿಪ್ಪೆಯ ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಅದು ನನ್ನ ಮೊದಲ ಆರ್ಡರ್. ಕಹಿ ಬಿಡಲೆಂದು ಸಿಪ್ಪೆ ಕುದಿಸಿ, ಬಸಿದ ನೀರನ್ನು, ಆ ಕಟ್ಟನ್ನು, ಚೆಲ್ಲಲೆಂದು ಬದಿಗಿಟ್ಟಿದ್ದೆ. ಪಾಕ ಹಿಡಿದವರು ಅತ್ತೆ.

ಬೇಕರಿಯವರ ಬೈಕ್ ಅಂಗಳಕ್ಕೆ ಬಂದಾಗ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಬರೀ ಕಹಿ.

"ಪಾಕಕ್ಕ ಯಾವ ನೀರ ಹಾಕಿದ್ರಿ?"

"ಸಿಪ್ಪಿ ಕಟ್ಟ. ಹೋಳಿಗಿ ಬ್ಯಾಳಿ ಕಟ್ಟ ಯಾರರ ಚೆಲ್ತಾರೇನ?"

ಬೇಕರಿಯವರ ಕೈ ಆಗಲೇ ತಟ್ಟೆಯ ಹತ್ತಿರ ಬಂದಿತ್ತು. ತಟ್ಟೆಯನ್ನು ಹಿಂದಕ್ಕೆಳೆದೆ. "ಇದು ಕೆಟ್ಟೈತ್ರಿ. ಬ್ಯಾರೆ ಮಾಡಿ ತರ್ತೀನಿ."

ಬೇಕರಿಯವರ ಮುಖ ಬಿಗಿಯಾಯಿತು. ಅತ್ತೆ ಒಂದು ಚೂರು ಎತ್ತಿ ಅಗಿದರು, ಉಗುಳಲಿಲ್ಲ.

"ಕೆಡಿಸಿದಾಕಿ ನಾನ್ರಿ," ಎಂದರು. "ಆಕಿ ಚಲೋನ ಮಾಡ್ತಾಳ."

ಬೇಕರಿಯವರು ಹೆಲ್ಮೆಟ್ ಹಾಕಿಕೊಳ್ಳುತ್ತ, "ಶನಿವಾರ ತರ್ರಿ, ನೋಡೂಣು," ಎಂದರು.