ಬೇಸಿನ್ನು ಬಾಗಿಲ ಬಾಜೂಕ ಇತ್ತು, ಡಾಕ್ಟರ್

ನಂಬಲಿಕ್ಕೆ ಆಗವಲ್ದು...
ಡಾಕ್ಟರ್ ಸಾಹೇಬ್ರು ಹೋದ್ರಂತ.
ಮುಂಜಾನೆ ನಮ್ಮ ಪುಣೆ ಕನ್ನಡಿಗರ ಗ್ರೂಪಿನಾಗ ಓದಿದೆ. ಚಹಾ ಹಂಗ ಆರಿ ಹೋತು.
ಇಂಥವರಿಗೂ ಸಾವು ಬರ್ತದ ಅಂತ ತಿಳಿದಿರಲಿಲ್ಲ...

ಎಲ್ಲಾರೂ ಬರೀಲಿಕತ್ತೀರಿ, "ದೇವರ ಕೈ", "ಗೋಲ್ಡನ್ ಹ್ಯಾಂಡ್ಸ್".
ಆ ಕೈ ಬಗ್ಗೆ ನಾನೂ ಒಂದೀಟು ಬರೀತೀನಿ.
ಐ ಬೆಗ್ ಟು ಸ್ಟೇಟ್... ಅರ್ಜಿ ಹಿಂಗ ಸುರು ಮಾಡಬೇಕಂತ ಕಾಲೇಜಿನಾಗ ಕಲಿಸಿದ್ರು, ಮುಂದಿಂದು ಮರ್ತೀನಿ.

ಎಂಬತ್ತರ ದಶಕ.
ನನ್ನ ಹೆಂಡತಿ ಸುಶೀಲಾಗ ಬ್ಲಡ್ ಕ್ಯಾನ್ಸರ್. ಕಿಮೋ ಕೊಡಲಿಕ್ಕೆ ಎದಿ ಮ್ಯಾಲಿನ ದೊಡ್ಡ ರಕ್ತನಾಳಕ್ಕ ನಳಿಗಿ ಹಾಕಿದ್ರು.
"ಬಿಳಿ ಕಣ ಭಾಳ ಇಳಿದಾವ. ಕ್ರಿಮಿ ಒಳಗ ಹೊಕ್ಕರ ಕಷ್ಟ" ಅಂತ ಡಾಕ್ಟರೇ ಹೇಳಿದ್ರು.
ನಾನು ಕೋಥರೂಡದಿಂದ ಬಸ್ಸಿನಾಗ ದವಾಖಾನಿಗೆ ಹೋಗಿ, ವಾರ್ಡಿನ ಬಾಗಿಲ ಬಾಜೂಕಿನ ಬೇಸಿನ್ನಿನಾಗ ಮೊಣಕೈ ತನಕ ಸೋಪು ಹಚ್ಚಿ ತೊಳಕೊಂಡೇ ಆಕಿನ್ನ ಮುಟ್ಟತಿದ್ದೆ.
"ಏನ್ರೀ ಇದು, ಮಡಿ ಭಟ್ರಾದ್ರಲ್ಲ!" ಅಂತ ನಗತಿದ್ಲು...

ಡಾಕ್ಟರ್, ನಿಮಗ ನೆನಪದ ಏನ್ರಿ?
ರೌಂಡ್ಸಿಗೆ ಬಂದ್ರಿ. ಬಾಜೂ ಕಾಟಿನ ಅಜ್ಜಿ ಕಾಲಿನ ಹುಣ್ಣಿನ ಪಟ್ಟಿ ಬಿಚ್ಚಿ ನೋಡಿದ್ರಿ.
ಅದೇ ಕೈಲೆ ಈಕಿ ನಳಿಗಿ ಮುಚ್ಚಳ ತಗೀಲಿಕ್ಕೆ ಹೋದ್ರಿ.
ನಾ ಕೈ ಮುಗದೆ. "ಸರ್, ಹ್ಯಾಂಡ್ ವಾಷ್ ಪ್ಲೀಸ್ ಟು ಡೂ ಸರ್..."
"ಯಾವ ಕಾಲೇಜಿನ ಇಂಗ್ಲಿಷ್ ರೀ ಇದು?" ಅಂದ್ರಿ.
ಹಿಂದ ನಿಂತ ಕಲಿಯೂ ಡಾಕ್ಟರುಗಳು ಹೊಟ್ಟಿ ಹಿಡಕೊಂಡು ನಕ್ರು.
ನೀವು ಮುಚ್ಚಳ ತಗದೇ ಬಿಟ್ರಿ.

ಆಮ್ಯಾಲೆ ಗಡಗಡ ಚಳಿ... ಜ್ವರ...
ಸಿಸ್ಟರ್ ಪಟ್ಟಿ ಬಿಚ್ಚಿದ್ರ ನಳಿಗಿ ಸುತ್ತ ಕೀವು.
ಸುಶೀಲಾ ಉಳೀಲಿಲ್ಲ.

ಆಕಿ ಅಣ್ಣ ರಾಘಣ್ಣಗ ಏನಂದ್ರಿ ನೀವು?
"ಇವರು ಮನಿಯಿಂದ ಮೊಸರನ್ನ ತಂದು ತಿನ್ನಿಸ್ಯಾರ. ಅದಕ್ಕ ಇನ್ಫೆಕ್ಷನ್."
ಕೀವು ಕಣ್ಣಾರೆ ನೋಡಿ ಬಂದು ಆಡಿದ ಮಾತು ಅದು!
ಅವತ್ತಿನಿಂದ ರಾಘಣ್ಣ ನನ್ನ ಮನ್ಯಾಗ ನೀರು ಮುಟ್ಟಿಲ್ಲ. ಇವತ್ತ ಇದೇ ಗ್ರೂಪಿನಾಗ ನಿಮ್ಮ ಫೋಟೋಕ್ಕ ಹಾರ ಹಾಕ್ಯಾನ.

ರಾಘಣ್ಣಾ, ಚಷ್ಮಾ ಹಾಕ್ಕೊಂಡು ಓದು.
ನಿನ್ನ ತಂಗಿನ್ನ ಕೊಂದಿದ್ದು ನನ್ನ ಮೊಸರನ್ನ ಅಲ್ಲ. ನೀ ಹಾರ ಹಾಕೀಯಲ್ಲ, ಆ ಡಾಕ್ಟರ್ ಕೈ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತೀರಿ...
ಸುಶೀಲಾನೂ ಸತ್ತಾಕಿನ. ಆಕಿ ಬಗ್ಗೆ ಸುಳ್ಳು ಆಡಬಹುದಿತ್ತೇನು?

ಹೋಗಿ ಬರ್ರಿ ಅನ್ನೂದಿಲ್ಲ ಡಾಕ್ಟರ್... ಹೋಗ್ರಿ.
ನಿಮ್ಮ ಆತ್ಮಕ್ಕ ಶಾಂತಿ ಸಿಗಲಿ, ಆದ್ರ ತಡಾ ಆಗಿ ಸಿಗಲಿ.
ಅಲ್ಲಿ ನಮ್ಮಾಕಿ ಇದ್ದಾಳ.
ಆಕಿ ಹತ್ರ ಹೋಗೂ ಮುಂದ... ಕೈ ತೊಳಕೊಂಡು ಹೋಗ್ರಿ.