ಗುಂಡಿ ಕ್ಯಾಮೆರಾ ಮತ್ತು ಪಳನಿವೇಲುವಿನ ಕಾರ್ಡು

೨೦೦೯ರಲ್ಲಿ ನಾನು ಚಾಮರಾಜನಗರದಲ್ಲಿ ಎಎಸ್‌ಐ ಆಗಿದ್ದೆ. ಜಿಲ್ಲೆಗೆ ಬಂದುಹೋಗುವ ವಿದೇಶಿಯರ ದಾಖಲೆ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ. ಬಂಡೀಪುರದ ಲಾಡ್ಜುಗಳಲ್ಲಿ ಹೊರದೇಶದವರು ಇಳಿದುಕೊಂಡರೆ ಮಾಲೀಕರು ಸಿ ಫಾರಂ ಎಂಬ ಮಾಹಿತಿ ಪತ್ರ ಕಳಿಸುತ್ತಿದ್ದರು. ಅದನ್ನು ಪುಸ್ತಕಕ್ಕೆ ಏರಿಸುವುದು, ವೀಸಾ ಮುಗಿದವರನ್ನು ಎಚ್ಚರಿಸುವುದು, ಹೆಚ್ಚುಕಮ್ಮಿ ಇಷ್ಟೇ. ಮನೆ ಗುಂಡ್ಲುಪೇಟೆಯಲ್ಲಿತ್ತು, ದಿನಾ ಬಸ್ಸಿನಲ್ಲಿ ಓಡಾಟ. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ನನಗೆ ಬಡ್ತಿಗಿಂತ ಬೇಗ ಬಲಿತದ್ದು ಜಂಬ. ಮುಖ ನೋಡಿದರೆ ಸಾಕು, ನಿಜವೋ ಸುಳ್ಳೋ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ.

ಆ ವರ್ಷ ಶ್ರೀಲಂಕಾದ ಯುದ್ಧ ಮುಗಿದಿತ್ತು. ದೋಣಿ ಹತ್ತಿ ಬಂದವರು ಎಲ್ಲಾದರೂ ಸೇರಿಕೊಂಡಿದ್ದಾರೆಯೇ ನೋಡಿ ಎಂದು ಮೇಲಿನಿಂದ ಸೂಚನೆ ಬಂತು. ಅದರ ಹಿಂದೆಯೇ, ಪ್ರಯೋಗಕ್ಕೆಂದು, ಒಂದು ಗುಂಡಿ ಕ್ಯಾಮೆರಾ ಬಂತು. ಅಂಗಿಯ ಎರಡನೇ ಗುಂಡಿಯ ಜಾಗದಲ್ಲಿ ಕೂರಿಸುವ ಕಪ್ಪು ಗುಂಡಿ ಅದು. ನಡುವೆ ಸಾಸಿವೆ ಕಾಳಿನಷ್ಟು ಲೆನ್ಸ್. ಅದರ ವೈರು ಅಂಗಿಯೊಳಗೆ ಇಳಿದು, ಪ್ಯಾಂಟಿನ ಜೇಬಿನಲ್ಲಿದ್ದ ಬೆಂಕಿಪೊಟ್ಟಣದಷ್ಟು ದೊಡ್ಡ ರೆಕಾರ್ಡರಿಗೆ ಸೇರುತ್ತಿತ್ತು. ಎದುರಿಗಿದ್ದವನಿಗೆ ತಿಳಿಯದ ಹಾಗೆ ಅವನ ಮುಖವೂ ಮಾತೂ ದಾಖಲಾಗುತ್ತಿದ್ದವು. ಮೊದಲ ದಿನ ಅದನ್ನು ಹಾಕಿಕೊಂಡು ಹೊರಟಾಗ ನನ್ನ ಹೆಂಡತಿ, "ಗುಂಡಿ ಕಿತ್ತೋದ್ರೆ ವಾರಗಟ್ಲೆ ಹಂಗೇ ಓಡಾಡ್ತಿದ್ರಿ. ಇವತ್ತೇನು ಒಂದು ಗುಂಡಿಗೆ ಇಷ್ಟೊಂದು ಎದೆ ಉಬ್ಬುಸ್ಕಂಡು ಹೊಂಟ್ರಿ?" ಎಂದು ನಕ್ಕಳು. ನಾನು ನಗಲಿಲ್ಲ.

ಒಂದು ಮೂಗರ್ಜಿ ಬಂದಿತ್ತು. ಹರವೆ ಕಡೆಯ ಒಂದು ಕರಿಕಲ್ಲಿನ ಕ್ವಾರಿಯಲ್ಲಿ ಸಿಲೋನಿನವನೊಬ್ಬ ಅಡಗಿದ್ದಾನೆ, ಗೂಡಲೂರಿನಿಂದ ಗುರುತಿಲ್ಲದವರು ಬಂದು ಹೋಗುತ್ತಾರೆ ಎಂದು ಅದರಲ್ಲಿ ಬರೆದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕ್ವಾರಿಗೆ ಹೋದೆ. ಮೂವತ್ತು ನಲವತ್ತು ಜನ ಕಲ್ಲಿನ ನೆರಳಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದರು. ಅವರ ಮಧ್ಯದಿಂದಲೇ, ಅರ್ಜಿಯಲ್ಲಿ ಹೆಸರಿಸಿದ್ದ ಪಳನಿವೇಲು ಎಂಬ ಡ್ರಿಲ್ಲರನ್ನು ಎಬ್ಬಿಸಿದೆ. ನಲವತ್ತಮೂರು ವರ್ಷ, ಮೈಯೆಲ್ಲ ಕಲ್ಲುಪುಡಿ. ಎಲ್ಲರಿಗೂ ಕೇಳುವ ಹಾಗೆ ಗದರಿದೆ: "ಎಲ್ಲಿಂದ ಬಂದವನಯ್ಯ ನೀನು?"

"ಸಿಲೋನಿಂದ ಬಂದವ್ನೇ ಸಾ. ಸಮುದ್ರುದ್ ಮೇಲೆ ಅಡಗಲ್ಲಿ ಬಂದೆ," ಎಂದ. ತಡೆಯಿರಿ ಎಂದು ಪಕ್ಕದ ಶೆಡ್ಡಿಗೆ ಓಡಿ, ಟ್ರಂಕಿನಿಂದ ಏನನ್ನೋ ತಂದು ಮುಂದೆ ಚಾಚಿದ. ನನಗೆ ಅದು ಬೇಕಿರಲಿಲ್ಲ. ಒಪ್ಪಿಕೊಂಡಾಯಿತಲ್ಲ, ಇನ್ನೇನು? ಬೈಕ್ ಹತ್ತಿ ಹೊರಟೆ. ವರದಿಯಲ್ಲಿ "ವಿದೇಶದಿಂದ ಬಂದಿರುವುದನ್ನು ಒಪ್ಪಿರುತ್ತಾನೆ, ಯಾವುದೇ ದಾಖಲೆ ಇರುವುದಿಲ್ಲ" ಎಂದು ಬರೆದೆ. ಒಪ್ಪಿಗೆಯ ನಲವತ್ತು ಸೆಕೆಂಡನ್ನು ಮಾತ್ರ ಕತ್ತರಿಸಿ ಸಿ.ಡಿ. ಮಾಡಿ ಲಗತ್ತಿಸಿದೆವು. ಮೇಲಿನವರು ಬೆನ್ನು ತಟ್ಟಿದರು. ಎರಡು ವಾರದಲ್ಲಿ ಪಳನಿವೇಲುಗೆ ನೋಟಿಸ್ ಹೋಯಿತು: ಹದಿನೈದು ದಿನದೊಳಗೆ ಭಾರತೀಯನೆಂದು ತೋರಿಸಬೇಕು, ಇಲ್ಲವೇ ದೇಶದಿಂದ ಹೊರಗೆ. ವಿದೇಶಿಯರ ಕಾಯ್ದೆಯಲ್ಲಿ ಸಾಬೀತು ಮಾಡುವ ಹೊರೆ ಆಪಾದಿತನದ್ದೇ. ಅವನ ಬಳಿ ರೇಷನ್ ಕಾರ್ಡು, ವೋಟಿನ ಚೀಟಿ ಇದ್ದವು. ನನ್ನ ವರದಿಯ ಮುಂದೆ ಅವಕ್ಕೆ ಬೆಲೆ ಇರಲಿಲ್ಲ.

ನೋಟಿಸಿನ ನಾಲ್ಕನೇ ದಿನ ಬೆಳಿಗ್ಗೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ನನಗೆ ಅಡ್ಡ ನಿಂತಳು. ಪಳನಿವೇಲುವಿನ ಹೆಂಡತಿ ಚಿಕ್ಕತಾಯಮ್ಮ, ಹಂಗಳದವಳು.

"ಕಾರ್ಡಿಲ್ಲ ಅಂತ ಬರ್ದಿದ್ದರಿ. ಎರ್ಡು ಕೈಲೂ ಇಡ್ಕಂಡು ನಿಮ್ಮೆದ್ಗೇ ಕೊಟ್ರಲ್ಲ ಸಾ? ನೀವು ನೋಡ್ನಿಲ್ಲ. ಅತ್ತಗೆ ತಳ್ಬುಟ್ರಿ."

"ಹಾಗಾದ್ರೆ ಈಗ ತಂದು ತೋರಿಸಮ್ಮ," ಎಂದೆ ಸಿಟ್ಟಿನಿಂದ.

"ಎಲ್ಲಿಂದ ತರನ? ಮೂವತ್ನಾಕು ವರ್ಷ ಟ್ರಂಕಲ್ಲಿತ್ತು. ನೀವು ಬಂದೋದ್ಮೇಕೆ ಎದ್ರುಕಂಡು ದಿನಾ ಜೋಬಲ್ಲೇ ಮಡಿಕಂಡು ತಿರುಗುದ್ರು. ಕ್ವಾರಿ ಒಂಡದ್ ನೀರಲ್ಲಿ ಬಿದ್ದು ಮುದ್ದೆ ಆಗೋಯ್ತು. ಇಬ್ರು ಹೆಣ್ಣೈಕ ಅವ. ಒಂಬತ್ ವರ್ಷದವ್ನಾಗಿ ಬುಟ್ಟು ಬಂದ ದೇಸ್ದಲ್ಲಿ ಅವ್ರಿಗೆ ಯಾರವ್ರೆ ಸಾ?"

ಬಸ್ಸಿನಲ್ಲಿ ಕೂತರೂ ಅವಳ ಮಾತು ಬಿಡಲಿಲ್ಲ. ಅವನು ಏನನ್ನೋ ಚಾಚಿದ್ದು ನಿಜ. ಅದೇನೆಂದು ನೆನಪಿರಲಿಲ್ಲ, ಏಕೆಂದರೆ ನಾನು ನೋಡಿಯೇ ಇರಲಿಲ್ಲ. ಆದರೆ ಎದೆಯ ಮೇಲಿದ್ದ ಗುಂಡಿ?

ಕಚೇರಿ ತಲುಪಿದವನೇ ಬೀರುವಿನಿಂದ ರೆಕಾರ್ಡರ್ ತೆಗೆದೆ. ಪುಣ್ಯಕ್ಕೆ ಇಡೀ ರೆಕಾರ್ಡಿಂಗ್ ಹಾಗೇ ಇತ್ತು. ಅದು ನನ್ನ ಶಿಸ್ತೆಂದು ಯಾರೂ ಹೊಗಳಬೇಡಿ. ಅಳಿಸುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರ್ ಆಪರೇಟರ್ ಅದನ್ನು ತೆರೆಯಲ್ಲಿ ಬಿಟ್ಟ. ನಮ್ಮ ಕಡೆ ದೊಡ್ಡವರೆನಿಸಿದವರಿಗೆ ಏನನ್ನಾದರೂ ಕೊಡುವಾಗ ಜನ ತಲೆ ತಗ್ಗಿಸಿ, ಎರಡೂ ಕೈಯಲ್ಲಿ ಹಿಡಿದು, ಎದೆಯ ಮಟ್ಟಕ್ಕೆ ಚಾಚುತ್ತಾರೆ. ಅವನೂ ಹಾಗೇ ಚಾಚಿದ್ದ. ಗುಂಡಿ ಇದ್ದದ್ದೂ ಅದೇ ಮಟ್ಟದಲ್ಲಿ. ನಾಲ್ಕು ಸೆಕೆಂಡು ತೆರೆಯ ತುಂಬ ಹಳದಿ ಬಣ್ಣದ ಕಾರ್ಡು: ಅಪ್ಪ, ಅಮ್ಮ, ನಡುವೆ ನಿಂತ ಪುಟ್ಟ ಪಳನಿವೇಲುವಿನ ಫೋಟೊ, ತಂದೆ ಕರುಪ್ಪಯ್ಯ, ಮಂಡಪಂ ಶಿಬಿರದ ಮೊಹರು. ಆಮೇಲೆ ಒಂದು ಕೈ ಬಂದು ಕಾರ್ಡನ್ನು ತಳ್ಳಿತು.

ಮೊಹರು ನೋಡಿದ ಕೂಡಲೇ ಅರ್ಥವಾಯಿತು. ಸಿಲೋನಿನ ಚಹಾ ತೋಟಗಳಿಗೆ ಹಿಂದೆ ಇಲ್ಲಿಂದ ಹೋದ ಕೂಲಿಕಾರರನ್ನು ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡು, ಭಾರತದ ಪಾಸ್‌ಪೋರ್ಟ್ ಕೊಟ್ಟು ಹಡಗಿನಲ್ಲಿ ಕರೆತಂದು, ತಮಿಳು ಕರಾವಳಿಯ ಮಂಡಪಂ ಶಿಬಿರದಲ್ಲಿ ಇಳಿಸಿ, ಕುಟುಂಬಕ್ಕೊಂದು ಕಾರ್ಡು ಮಾಡಿಕೊಟ್ಟಿದ್ದವು. ಅಂಥ ಎಷ್ಟೋ ಕುಟುಂಬಗಳಿಗೆ ನೀಲಗಿರಿಯ ಗೂಡಲೂರಿನ ಕಡೆ ನೆಲೆ ಸಿಕ್ಕಿತ್ತು. ಗೂಡಲೂರಿನಿಂದ ಬಂದು ಹೋಗುತ್ತಿದ್ದ "ಗುರುತಿಲ್ಲದವರು", ವಿಚಾರಿಸಿದರೆ, ಅವನ ಸ್ವಂತ ಸೋದರತ್ತೆ, ಸೋದರಮಾವಂದಿರು. ನನಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಎಸ್ಪಿ ಸಾಹೇಬರಿಗೆ ಮುಚ್ಚುಮರೆ ಇಲ್ಲದೆ ತೋರಿಸಿದೆ. ಅವರು ತೆರೆಯ ಮೇಲೆ ಬೆರಳಿಟ್ಟು ಕೇಳಿದರು: "ಈ ಕೈ ಯಾರದು?"

"ನಂದೇ ಸರ್."

"ಹಾಗಿದ್ರೆ ಆ ಕೈಯಲ್ಲೇ ದಾಖಲೆ ತಗೊಂಡು ಬನ್ನಿ," ಎಂದರು.

ಕಾರ್ಡಿನ ಸಂಖ್ಯೆಯ ಕೊನೆಯ ಅಂಕಿ ಪಳನಿವೇಲುವಿನ ಹೆಬ್ಬೆರಳಿನ ಕೆಳಗೆ ಮುಚ್ಚಿತ್ತು. ಶಿಬಿರದ ಕಚೇರಿಗೆ ಪತ್ರ ಬರೆದು ಉತ್ತರಕ್ಕೆ ಕಾಯುತ್ತಾ ಕೂತರೆ ಗಡುವು ಮೀರುತ್ತಿತ್ತು. ಚಿತ್ರದ ಪ್ರಿಂಟ್ ಹಿಡಿದು ಸತ್ಯಮಂಗಲ, ಮಧುರೆ, ರಾಮನಾಥಪುರ ದಾಟಿ, ಬಸ್ಸಿನಿಂದ ಬಸ್ಸಿಗೆ ಹಾರುತ್ತಾ ಮಂಡಪಂ ಸೇರಿದೆ. ನನ್ನ ಅರೆಬರೆ ತಮಿಳು ಕೇಳಿ ಅಲ್ಲಿನ ಹಿರಿಯ ಗುಮಾಸ್ತರು ನಕ್ಕರೂ, ಹಳೆಯ ರಿಜಿಸ್ಟರುಗಳನ್ನು ಬೇಸರಿಸದೆ ಹೊರಗೆಳೆದರು. ಕೊನೆಯ ಅಂಕಿ ಸೊನ್ನೆಯಿಂದ ಒಂಬತ್ತರವರೆಗೆ ಯಾವುದಾದರೂ ಇರಬಹುದಿತ್ತು. ಸೊನ್ನೆಯಿಂದ ಶುರುಮಾಡಿ ಒಂದೊಂದೇ ನೋಡುತ್ತಾ ಬಂದೆವು. ಏಳಕ್ಕೆ ಬಂದಾಗ ಅವರ ಬೆರಳು ನಿಂತಿತು. ಕರುಪ್ಪಯ್ಯ; ಮಗ ಪಳನಿವೇಲು, ವಯಸ್ಸು ಒಂಬತ್ತು. ಅದೇ ಫೋಟೊದ ಇನ್ನೊಂದು ಪ್ರತಿ, ಪಕ್ಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆ. ಐವತ್ತೆರಡು ವರ್ಷದ ನಾನು ಆ ಗುಮಾಸ್ತರನ್ನು ತಬ್ಬಿಕೊಂಡುಬಿಟ್ಟೆ.

ಹದಿಮೂರನೇ ದಿನ ದೃಢೀಕೃತ ಪ್ರತಿಯನ್ನು ಎಸ್ಪಿ ಸಾಹೇಬರ ಮೇಜಿನ ಮೇಲಿಟ್ಟೆ. ನನ್ನ ವರದಿ ತಪ್ಪೆಂದು ಬರೆದುಕೊಟ್ಟೆ. ನೋಟಿಸ್ ರದ್ದಾಯಿತು. ಹದಿನಾಲ್ಕನೇ ದಿನ ಆದೇಶ ಹಿಡಿದು ಕ್ವಾರಿಗೆ ಹೋಗಿ, ಹೆಂಡತಿ ಮಕ್ಕಳ ಎದುರಿಗೇ ಪಳನಿವೇಲುವಿನ ಕೈಗಿತ್ತೆ. ಅವನು ಕಣ್ಣಿಗೊತ್ತಿಕೊಂಡ. ನಾನು ಹಗುರಾಗಿ ಬೈಕಿನ ಕಡೆ ತಿರುಗಿದೆ.

"ಓಗ್ಬೇಡಿ ಸಾ," ಎಂದಳು ಚಿಕ್ಕತಾಯಮ್ಮ. "ಅವತ್ತು ಎಲ್ರ ಮುಂದೂ ಜೋರಾಗಿ ಕೇಳುದ್ರಿ. ನಮ್ಮ ಜೊತೆ ಕೂತು ಉಣ್ಣೋರೂ ಎದ್ದೋದ್ರು. ಇವತ್ತೂ ಜೋರಾಗೇ ಓದ್ಬುಡಿ."

ಅವಳು ಹೇಳಿದ್ದು ಸರಿ. ಕಂಪ್ರೆಸರ್ ನಿಲ್ಲಿಸಲು ಮೇಸ್ತ್ರಿಗೆ ಹೇಳಿದೆ. ಕಲ್ಲುಗಳ ಮೇಲೆ ಜನ ಸೇರಿದರು. ನಾನು ಒಂದು ಬ್ಲಾಕಿನ ಮೇಲೆ ಹತ್ತಿ ನಿಂತು, ಮೊದಲ ಸಾಲಿನಿಂದ ಸಹಿಯವರೆಗೆ, ಗಂಟಲು ಕಟ್ಟುವಷ್ಟು ಜೋರಾಗಿ ಓದಿದೆ. "ಪಳನಿವೇಲು ಬಿನ್ ಕರುಪ್ಪಯ್ಯ ಎಂಬುವರು ಭಾರತದ ಪ್ರಜೆ" ಎಂಬಲ್ಲಿಗೆ ಬಂದಾಗ ಯಾರೋ ಶಿಳ್ಳೆ ಹೊಡೆದರು. ಮೇಸ್ತ್ರಿ, "ಇನ್ನೊಂದಪ ಓದಿ ಸಾ, ಆ ತುದೀಲಿ ಇರೋರ್ಗೆ ಕೇಳ್ನಿಲ್ಲ," ಎಂದು ಕೂಗಿದ. ಇನ್ನೊಮ್ಮೆ ಓದಿದೆ. ಪಳನಿವೇಲುವಿನ ಹೆಣ್ಣುಮಕ್ಕಳಿಬ್ಬರೂ ಅಪ್ಪನ ಎರಡು ಪಕ್ಕದಲ್ಲಿ ನೆಟ್ಟಗೆ ನಿಂತು ಕೇಳಿದರು.

ಇಲಾಖೆ ಆಮೇಲೆ ಇನ್ನೂ ಒಳ್ಳೆಯ ಕ್ಯಾಮೆರಾಗಳನ್ನು ಕೊಟ್ಟಿರಬಹುದು. ಯಂತ್ರ ಎಷ್ಟೇ ನೋಡಲಿ, ಅದು ಕಂಡದ್ದರಲ್ಲಿ ನಮಗೆ ಬೇಕಾದ ನಲವತ್ತು ಸೆಕೆಂಡನ್ನು ಕತ್ತರಿಸಿಕೊಳ್ಳುವವರು ನಾವೇ. ಅದಕ್ಕಿಂತ ದೊಡ್ಡ ಪಾಠ ಕಲಿಸಿದವಳು ಚಿಕ್ಕತಾಯಮ್ಮ. ನಾವು ಸಂಶಯಪಡುವುದು ಬೀದಿಯಲ್ಲಿ, ತಪ್ಪು ಒಪ್ಪಿಕೊಳ್ಳುವುದು ಕಡತದಲ್ಲಿ. ಆಮೇಲಿನ ಎಂಟು ವರ್ಷದ ಸರ್ವೀಸಿನಲ್ಲಿ ಯಾರ ಮೇಲಿನ ಆಪಾದನೆ ಬಿದ್ದುಹೋದರೂ, ಆ ಆದೇಶವನ್ನು ನಾನು ಅಂಚೆಗೆ ಹಾಕಲಿಲ್ಲ. ಅವರ ಊರಿಗೇ ಹೋಗಿ, ನಾಲ್ಕು ಜನರನ್ನು ಕರೆದು, ನಿಂತು ಓದಿದೆ.