ಎಡಗೈ ಕಟ್ಟಿಕೊಂಡು ಮ್ಯೂಸಿಯಮ್ಮಿಗೆ

ನನಗೆ ಬಾಯಿ ಜೋರು ಅಂತ ಊರಲ್ಲೆಲ್ಲ ಹೆಸರಿದೆ. ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಡದಿದ್ದರೆ ಬಿಡುವವಳಲ್ಲ. ನೀರಗಂಟಿ ನಮ್ಮ ಗದ್ದೆಗೆ ನೀರು ಬಿಡಲು ತಡಮಾಡಿದರೆ ನಾಲೆ ಏರಿಯ ಮೇಲೆಯೇ ಅವನ ಜನ್ಮ ಜಾಲಾಡುತ್ತೇನೆ. ಇಂಥ ನಾನು, ನನ್ನ ಆರು ವರ್ಷದ ಮಗಳ ಎಡಗೈಯನ್ನು ನಮ್ಮತ್ತೆ ಹಳೇ ಸೀರೆಯ ಅಂಚಿನಿಂದ ಸುತ್ತಿ ಕಟ್ಟಿದಾಗ ಮಾತ್ರ, ಒಲೆ ಮುಂದೆ ನಿಂತು ಸಾರಿಗೆ ಉಪ್ಪು ಸಾಕೋ ಬೇಕೋ ಎಂದು ನೋಡುತ್ತಿದ್ದೆ.

ಮಗಳು ಎಡಚಿ. ಪೆನ್ಸಿಲ್ಲಿಗೂ ಬಾಚಣಿಗೆಗೂ ತುತ್ತಿಗೂ ಎಡಗೈಯೇ ಮುಂದೆ. ಶಾಲೆಯ ಮಿಸ್ಸು, "ಇರಲಿ ಬಿಡಿ, ಅದರಲ್ಲೇನಿದೆ" ಅಂದಿದ್ದರು. ಅತ್ತೆಯ ಲೆಕ್ಕದಲ್ಲಿ ಮಿಸ್ಸು ಇನ್ನೂ ಚಿಕ್ಕ ಹುಡುಗಿ.

"ಈಗ್ಲೇ ತಿದ್ದಬೇಕು ಕಣಮ್ಮ, ಆಮೇಲೆ ಬಲಿತೋಯ್ತದೆ. ನಾಳೆ ಇನ್ನೊಬ್ರ ಮನೆ ಸೇರೋ ಕೂಸು, ಎಡಗೈಲಿ ಅನ್ನ ಬಡಿಸಿದ್ರೆ ನಿನ್ನೂ ನನ್ನೂ ಸೇರ್ಸಿ ಆಡ್ಕೊತಾರೆ" ಅಂದರು. ಅಂದಿನಿಂದ ಊಟಕ್ಕೆ ಕೂತರೂ ಬರೆಯಲು ಕೂತರೂ ಮೊದಲು ಬಟ್ಟೆ ಕಟ್ಟುವ ಶಾಸ್ತ್ರ ಆಗಬೇಕು.

ಎರಡು ತಿಂಗಳಲ್ಲಿ ಮಗಳು ಬಲಗೈಯಲ್ಲಿ ಬರೆಯುವುದನ್ನು ಅರ್ಧಂಬರ್ಧ ಕಲಿತಳು, ಚಿತ್ರ ಬಿಡಿಸುವುದನ್ನು ಪೂರ್ತಿ ಬಿಟ್ಟಳು. ಮೊದಲೆಲ್ಲ ಗೋಡೆ, ಕ್ಯಾಲೆಂಡರು, ಅವರಪ್ಪನ ಗೊಬ್ಬರದ ರಸೀತಿ, ಯಾವುದು ಸಿಕ್ಕರೂ ಅದರ ಮೇಲೊಂದು ನವಿಲು ಬರೆಯುತ್ತಿದ್ದ ಮಗು. ಈಗ ಬಣ್ಣದ ಡಬ್ಬಿ ಕೊಟ್ಟರೆ "ಬೇಡಮ್ಮ" ಅಂತ ಹಿಂದಕ್ಕೆ ತಳ್ಳಿ ಹೊಸಿಲ ಮೇಲೆ ಸುಮ್ಮನೆ ಕೂರುತ್ತಿದ್ದಳು. ಗೋಡೆ ಕ್ಲೀನಾಯಿತೆಂದು ಅತ್ತೆಗೆ ಖುಷಿ. ನನಗೆ ಆ ಗೋಡೆ ನೋಡಿದಾಗಲೆಲ್ಲ, ಮಗು ಹೀಗೇ ಮಂಕಾಗಿಬಿಟ್ಟರೆ ಎಂಬ ಭಯ. ಹಾಗಂತ ಅತ್ತೆ ಕೆಟ್ಟವರೂ ಅಲ್ಲವಲ್ಲ. ಬಾಣಂತನದಲ್ಲಿ ಮೂರು ತಿಂಗಳು ನನ್ನನ್ನು ತಣ್ಣೀರು ಮುಟ್ಟಲು ಬಿಡದೆ ನೋಡಿಕೊಂಡವರು. ಅಂಥವರ ಎದುರು ನಿಂತು ಯಾವ ಬಾಯಲ್ಲಿ ಜಗಳ ತೆಗೆಯಲಿ?

ಹುಣಸೂರು ರಸ್ತೆಯಲ್ಲಿ ಮಕ್ಕಳಿಗಾಗಿ ಒಂದು ಮ್ಯೂಸಿಯಂ ಶುರುವಾಗಿದೆ ಎಂದು ಶಾಲೆಯಿಂದ ಚೀಟಿ ಬಂತು. ನಾಟಿ ಮುಗಿದಿತ್ತು. ಒಂದು ಭಾನುವಾರ ಯಜಮಾನರು, ನಾನು, ಮಗಳು, ಅತ್ತೆ, ಚುಂಚನಕಟ್ಟೆ ಪಕ್ಕದ ನಮ್ಮೂರಿನಿಂದ ಪುಳಿಯೋಗರೆ ಡಬ್ಬಿಯ ಸಮೇತ ಕಾರು ಹತ್ತಿದೆವು. ಮ್ಯೂಸಿಯಂ ಅಂದರೆ ಮೈಸೂರು ಅರಮನೆಯ ಹಾಗೆ ಹಗ್ಗ ಕಟ್ಟಿರುತ್ತಾರೆ, ದೂರದಿಂದ ನೋಡಬೇಕು, ಕೈ ಇಟ್ಟರೆ ಪೊಲೀಸು ಬರುತ್ತಾನೆ ಎಂದು ಅತ್ತೆ ದಾರಿಯುದ್ದಕ್ಕೂ ಮೊಮ್ಮಗಳಿಗೆ ಪಾಠ ಮಾಡಿದರು.

ಅಲ್ಲಿ ನೋಡಿದರೆ ಬಾಗಿಲಲ್ಲೇ ದಪ್ಪಕ್ಷರದಲ್ಲಿ 'ಎಲ್ಲವನ್ನೂ ಮುಟ್ಟಿ' ಎಂದು ಬರೆದಿತ್ತು. ಅತ್ತೆಗೆ ಓದು ಬಾರದು, ನಾನು ಓದಿ ಹೇಳಿದೆ.

"ಮುಟ್ಟಿ ಕಣ್ಗೊತ್ಕೋಬೇಕಾ?" ಎಂದು ಕೇಳಿ, ಯಾರೂ ಹೇಳದಿದ್ದರೂ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನಮ್ಮ ಯಜಮಾನರೂ ಬಿಟ್ಟರು. ಎಲ್ಲವನ್ನೂ ಮುಟ್ಟುವುದೆಂದರೆ ಮೊಮ್ಮಗಳ ಎಡಗೈ ಇಷ್ಟು ಜನದ ಮುಂದೆ ಚಾಚುತ್ತದೆ ಎಂಬುದು ಆಮೇಲೆ ಹೊಳೆದಿರಬೇಕು. ಅಲ್ಲೇ ಚೀಲದಿಂದ ಬಟ್ಟೆ ತೆಗೆದು ಬೆರಳೂ ಕಾಣದ ಹಾಗೆ ಸುತ್ತಿ ಗಂಟು ಹಾಕಿದರು.

ಒಳಗೆ ಎಲ್ಲವನ್ನೂ ತೋರಿಸಲು ಒಬ್ಬ ಹುಡುಗಿ ಇದ್ದಳು. "ಅಯ್ಯೋ, ಕೈಗೇನಾಯ್ತು ಪುಟ್ಟಿ?" ಅಂದಳು.

"ಗಾಯ ಆಗ್ಯದೆ ಕಣವ್ವ" ಎಂದು ಅತ್ತೆ ನಿರಾಳವಾಗಿ ಸುಳ್ಳು ಹೇಳಿದರು.

"ಹೌದಾ? ಹಾಗಾದ್ರೆ ನೀನು ಯಾವ್ದನ್ನೂ ಮುಟ್ಬೇಡ, ಹುಷಾರು" ಎಂದು ಹುಡುಗಿ ಮಗಳ ತಲೆ ಸವರಿದಳು.

ಎಲ್ಲವನ್ನೂ ಮುಟ್ಟಿ ಎಂದು ಬರೆದುಕೊಂಡಿದ್ದ ಆ ಕಟ್ಟಡದಲ್ಲಿ, ಮುಟ್ಟಬೇಡ ಅನ್ನಿಸಿಕೊಂಡವಳು ನನ್ನ ಮಗಳೊಬ್ಬಳೇ. ಬೇರೆ ಮಕ್ಕಳು ರಾಟೆ ಎಳೆದವು, ನೀರಿನ ಚಕ್ರ ತಿರುಗಿಸಿದವು, ಮರಳಿನಲ್ಲಿ ಗುಡ್ಡ ಕಟ್ಟಿದವು. ಇವಳು ಕಟ್ಟಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ನೋಡುತ್ತ ನಿಂತಳು. "ಗಾಯವೂ ಇಲ್ಲ, ಗೀಯವೂ ಇಲ್ಲ, ಬಿಚ್ಚಿ ಅದನ್ನ" ಅನ್ನಲು ನನಗೆ ಎಷ್ಟು ಹೊತ್ತು ಬೇಕು ಹೇಳಿ? ಅನ್ನಲಿಲ್ಲ. ಮ್ಯೂಸಿಯಂ ಚೆನ್ನಾಗಿದೆ ಅಂತ ಯಜಮಾನರಿಗೆ ಹೇಳಿದೆ.

ಮುಂದಿನ ಕೋಣೆಯಲ್ಲಿ ದೊಡ್ಡ ಆಲಿಕೆಯಂಥದ್ದೊಂದು ಇತ್ತು. ಅಂಚಿನಲ್ಲಿ ನಾಣ್ಯ ಉರುಳಿಸಿದರೆ ಸುತ್ತಿ ಸುತ್ತಿ ನಡುವಿನ ತೂತಿಗೆ ಬೀಳುತ್ತದೆ, ಗ್ರಹಗಳು ಸುತ್ತುವ ಬಗೆ ಹೀಗೆ ಎಂದು ಹುಡುಗಿ ವಿವರಿಸುತ್ತಿದ್ದಳು. ಅತ್ತೆಗೆ ಗ್ರಹ ಎಂಬ ಮಾತೊಂದೇ ಸಾಕಾಯಿತು. ಸೆರಗು ಹೊದ್ದು, ಸೊಂಟದ ಚೀಲದಿಂದ ಐದು ರೂಪಾಯಿ ತೆಗೆದು ಬಿಟ್ಟು, ಕಣ್ಣುಮುಚ್ಚಿ ಕೈ ಮುಗಿದರು. "ನನ್ನ ಮೊಮ್ಮಗಳ ಕೈ ನೆಟ್ಟಗಾಗ್ಲಪ್ಪ" ಎಂದು ಎಲ್ಲರಿಗೂ ಕೇಳುವಷ್ಟು ಜೋರಾಗಿ ಹರಸಿಕೊಂಡರು. ನಾಣ್ಯ ತೂತಿಗೆ ಬಿತ್ತು. ಹುಡುಗಿ ಬಗ್ಗಿ, ಕೆಳಗಿನ ಪುಟ್ಟ ಬಾಗಿಲು ತೆಗೆದು, "ತಗೊಳ್ಳಿ ಅಜ್ಜಿ, ನಿಮ್ದೇ" ಎಂದು ಅದನ್ನೇ ಅವರ ಕೈಗೆ ಕೊಟ್ಟಳು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಕಾಣಿಕೆ ವಾಪಸ್ ಬಂತಲ್ಲೋ ಮಗಾ!"

"ಅವ್ವ, ಅದು ದೇವ್ರಲ್ಲ ಕಣವ್ವ, ಸೈನ್ಸು" ಅಂದರು ಯಜಮಾನರು.

"ಯಾವ್ದಾದ್ರೂ ಆಗ್ಲಿ ಬುಡು. ಕೊಟ್ಟಿದ್ದ ಬ್ಯಾಡ ಅಂದಂಗಾಯ್ತಲ್ಲ."

ಕೊನೆಯ ಕೋಣೆಯ ಗೋಡೆ ತುಂಬ ದೀಪದ ಗುಂಡಿಗಳು. ಯಾವುದು ಹೊತ್ತಿಕೊಳ್ಳುತ್ತದೋ ಅದು ಆರುವ ಮೊದಲೇ ಬಡಿಯಬೇಕು. ಯಜಮಾನರು ಬೆವರು ಸುರಿಸಿ ಹನ್ನೊಂದು ಬಡಿದರು, ನಾನು ಹದಿಮೂರು. ಅಲ್ಲಿದ್ದ ಮಕ್ಕಳೆಲ್ಲ "ಅಜ್ಜಿ! ಅಜ್ಜಿ!" ಎಂದು ಕೂಗಿದವು. ಕಾಣಿಕೆಯ ಬೇಸರದಲ್ಲೇ ಇದ್ದ ಅತ್ತೆ ಬೇಡ ಬೇಡವೆನ್ನುತ್ತ ಸೆರಗು ಸಿಕ್ಕಿಸಿ ಗೋಡೆ ಮುಂದೆ ನಿಂತರು.

ಬಲಗೈಯಲ್ಲಿ ಒಂದನ್ನು ಬಡಿದರು. ಎರಡನೆಯದು ಕೈ ಹೋಗುವಷ್ಟರಲ್ಲಿ ಆರಿತು. ಮೂರನೆಯದೂ ಆರಿತು. "ಇದೆಂಥ ಕಳ್ ಗೋಡೆ!" ಎಂದು ಬೈದರು. ನಾಲ್ಕನೆಯದು ಹೊತ್ತಿದಾಗ ಎಡಗೈ ಎದ್ದಿತು ನೋಡಿ! ಮೇಲೆ, ಕೆಳಗೆ, ಮೂಲೆಯಲ್ಲಿ, ಫಟ್ ಫಟ್ ಎಂದು ಒಂದನ್ನೂ ಬಿಡದೆ. ಬಲಗೈ ಪಕ್ಕಕ್ಕೆ ನೇತಾಡುತ್ತಿತ್ತು. ಅರವತ್ತೈದು ದಾಟಿದ ಹೆಂಗಸು ಹಲ್ಲು ಬಿಟ್ಟು ನಗುತ್ತಿದ್ದರು. ಒಟ್ಟು ಹತ್ತೊಂಬತ್ತು. ಮಕ್ಕಳು ಕೇಕೆ ಹಾಕಿದವು.

"ಅಜ್ಜಿ, ನೀನೂ ಎಡಗೈ!" ಅಂದಳು ಮಗಳು.

ಅತ್ತೆಯ ನಗು ನಿಂತಿತು. ಎಡಗೈಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡರು. ನಲವತ್ತು ವರ್ಷ ಅವರ ಕೈಯಡುಗೆ ಉಂಡ ಮಗ, "ನೀನಾ ಅವ್ವ?" ಎಂದು ಬಾಯಿ ಬಿಟ್ಟು ನಿಂತರು. ನಾನೋ, ಸಿಕ್ಕಿಬಿದ್ದರು ಅಂತ ಒಳಗೊಳಗೇ ಕುಣಿದೆ. ನನ್ನ ಬುದ್ಧಿಯೇ ಅಷ್ಟು. ಕಾರು ಹತ್ತಿದ ಮೇಲೆ ಚೆನ್ನಾಗಿ ಕೊಡಬೇಕೆಂದು ಮಾತು ಕೂಡ ಜೋಡಿಸಿಕೊಂಡೆ.

ಹೊರಗೆ ಹೊಂಗೆ ಮರದ ಕೆಳಗೆ ಡಬ್ಬಿ ಬಿಚ್ಚಿದೆವು. ಸುತ್ತ ಇನ್ನೂ ನಾಲ್ಕಾರು ಸಂಸಾರಗಳು ಊಟಕ್ಕೆ ಕೂತಿದ್ದವು. ಮಗಳು ಅಜ್ಜಿಯ ತೊಡೆಗೆ ಒರಗಿಕೊಂಡಳು.

"ನಿಂಗೂ ಬಟ್ಟೆ ಕಟ್ಟಿದ್ರಾ ಅಜ್ಜಿ?"

"ನಮ್ ಕಾಲ್ದಲ್ಲಿ ಬಟ್ಟೆ ಯಾರ್ ಕಟ್ತಿದ್ರು ಮಗಾ. ಉಣ್ಣಕ್ ಕೂತಾಗ ನಮ್ಮವ್ವ ನನ್ನ ಕೈನ ತನ್ನ ತೊಡೆ ಕೆಳೀಕ್ ಇಟ್ಕೊಂಡು ಕೂರೋಳು. ಮರೆತು ಎಡಗೈ ಎತ್ತಿದ್ರೆ ಸೌಟಲ್ಲಿ ಬೀಳದು."

"ನೋಯ್ತಿತ್ತಾ?"

"ನೋವೇನು, ಓಯ್ತದೆ." ಮೊಮ್ಮಗಳ ತಲೆ ಮೇಲೆ ಬಿದ್ದಿದ್ದ ಹೊಂಗೆ ಎಲೆ ತೆಗೆದು ಬಿಸಾಕಿದರು. "ರಂಗೋಲೆ ಬುಡ್ತಿದ್ದೆ ನಾನು. ಎಳೆ ಒಂಚೂರೂ ಅಲುಗ್ತಿರ್ಲಿಲ್ಲ. ಬೀದಿಯೋರೆಲ್ಲ ನಿಂತ್ ನೋಡೋರು. ಬಲಗೈಗೆ ಅದು ಬರ್ಲೇ ಇಲ್ಲ. ಬುಟ್ಬುಟ್ಟೆ."

ಮದುವೆಯಾಗಿ ಒಂಬತ್ತು ವರ್ಷ. ಅತ್ತೆ ಒಂದೇ ಒಂದು ದಿನ ಬಾಗಿಲಿಗೆ ರಂಗೋಲಿ ಬಿಟ್ಟಿದ್ದನ್ನು ನಾನು ಕಂಡಿಲ್ಲ. ದೊಡ್ಡವರು, ಸೊಸೆ ಬಂದ ಮೇಲೆ ಕೆಲಸ ಬಿಟ್ಟಿದ್ದಾರೆ ಅಂದುಕೊಂಡು ಬೆನ್ನ ಹಿಂದೆ ಆಡಿಕೊಂಡಿದ್ದೆ ಕೂಡ. ಕಾರಿಗೆಂದು ಜೋಡಿಸಿಟ್ಟುಕೊಂಡ ಮಾತನ್ನೆಲ್ಲ ಕೈಬಿಟ್ಟೆ. ಮಗಳ ಕೈ ಎಳೆದು ಗಂಟು ಬಿಚ್ಚಿದೆ. ಅತ್ತೆ ಆ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಬಿಚ್ಚಿದ್ದೇ ತಡ, ಮಗಳ ಎಡಗೈ ನೇರ ಪುಳಿಯೋಗರೆಗೆ ಹೋಯಿತು. ಪಕ್ಕದ ಸಂಸಾರದ ಹೆಂಗಸು ಇತ್ತಲೇ ನೋಡುತ್ತಿದ್ದಳು. "ಥೂ, ಎಡಗೈಲಿ ಉಣ್ತಾರೇನೇ!" ಎಂದು ಕೂಗಿ ಮಗುವಿನ ಕೈಗೆ ಫಟಾರನೆ ಹೊಡೆದವಳು ಯಾರು ಅಂದುಕೊಂಡಿರಿ? ನಾನೇ.

ಮಗಳು ಕೈ ಹಿಂದಕ್ಕೆ ಎಳೆದುಕೊಂಡಳು. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೆಲಕ್ಕೆ ಕೈಯೂರಿ ಮೆಲ್ಲಗೆ ಎದ್ದು, ಆ ಹೆಂಗಸಿಗೂ ಮಗಳಿಗೂ ನಡುವೆ ಬಂದು ಜನಕ್ಕೆ ಬೆನ್ನು ಮಾಡಿ ಕೂತರು. ಡಬ್ಬಿಯನ್ನು ಮಗಳ ಮುಂದಕ್ಕೆ ತಳ್ಳಿ, ಸೆರಗನ್ನು ಎರಡೂ ಕಡೆ ಅಗಲ ಮಾಡಿ ಹಿಡಿದರು.

"ಉಣ್ಣು ಮಗಾ. ಯಾರೂ ನೋಡ್ತಿಲ್ಲ."